ಅಂಬರನಾಥದ ಬೆಂಕಿಪೆಟ್ಟಿಗೆಗೆ ಎರಡು ಪೈ ಸುಂಕ

ಕಲ್ಯಾಣದಿಂದ ಕರ್ಜತ್ ಕಡೆಗೆ ಹೊರಟ ಲೋಕಲ್ ವಿಠ್ಠಲವಾಡಿ, ಉಲ್ಲಾಸನಗರ ದಾಟಿ ಅಂಬರನಾಥಕ್ಕೆ ಬರುತ್ತದೆ. ಡೊಂಬಿವಲಿ, ಠಾಣೆಯ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಈ ಊರಿನ ಪರಿಚಯ ಶಿವರಾತ್ರಿಯ ಜಾತ್ರೆಯಿಂದ. ಠಾಣೆಯನ್ನು ಶ್ರೀಸ್ಥಾನಕವೆಂದು ಕರೆದು ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು 1060ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಶಿವಾಲಯ ಸ್ಟೇಷನ್ನಿನ ಪೂರ್ವಕ್ಕೆ, ವಾಲಧುನಿ ಹೊಳೆಯ ದಡದಲ್ಲಿದೆ. ಪಶ್ಚಿಮಕ್ಕೆ ಇಳಿದವರು ರಿಕ್ಷಾದವನಿಗೆ ‘ವಿಮ್ಕೊ ನಾಕಾ’ ಎನ್ನುತ್ತಾರೆ. ವಿಮ್ಕೊ ಎಂದರೆ ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿ. ಹಡಗಿನ ಚಿತ್ರದ ‘ಷಿಪ್’ ಬೆಂಕಿಪೆಟ್ಟಿಗೆಯನ್ನು ಬಲ್ಲವರಿಗೆಲ್ಲ ಆ ಕಂಪನಿಯೂ ಗೊತ್ತು.

ಷಿಪ್, ಹೋಮ್‌ಲೈಟ್ಸ್, ಚೀತಾ ಫೈಟ್ ಎಂದರೆ ನಮ್ಮದೇ ಅಂಗಡಿಯ ಸರಕು ಎಂದು ತಿಳಿದು ಮೂರು ತಲೆಮಾರು ಒಲೆ ಹಚ್ಚಿತು. ಆದರೆ ಅದನ್ನು ಮಾಡುತ್ತಿದ್ದ ಕಂಪನಿಯ ಬೇರು ಇದ್ದದ್ದು ಸ್ವೀಡನ್ನಿನಲ್ಲಿ. ವಿದೇಶಿ ಸರಕಿನಿಂದ ದೇಶದ ಕೈಗಾರಿಕೆಯನ್ನು ಕಾಪಾಡಲೆಂದು ಬ್ರಿಟಿಷ್ ಇಂಡಿಯಾದ ಸರ್ಕಾರ 1926ರಲ್ಲಿ ಒಂದು ಸಾರ್ವಜನಿಕ ವಿಚಾರಣೆ ನಡೆಸಿತು. ಅದರ ಕೊನೆಗೆ ಗಟ್ಟಿಗೊಂಡ ಸುಂಕದ ಗೋಡೆಯೊಳಗೆ ಅತಿ ದೊಡ್ಡದಾಗಿ ಬೆಳೆದದ್ದು ಆ ಸ್ವೀಡಿಷ್ ಕಾರ್ಖಾನೆಯೇ. ಇದು ಹೇಗಾಯಿತು ಎಂಬುದರಲ್ಲಿ ವಸಾಹತು ಕಾಲದ ಅರ್ಥನೀತಿಯ ಒಂದು ದೊಡ್ಡ ಪಾಲು ಅಡಗಿದೆ.

ಹೊರಗಿನಿಂದ ಬಂದ ವಸ್ತುವಿಗೆ ಕನ್ನಡ ಒಂದು ಕಾಲದಲ್ಲಿ ‘ಸೀಮೆ’ ಎಂಬ ಮುದ್ರೆ ಒತ್ತುತ್ತಿತ್ತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಗೊಬ್ಬರ, ಸೀಮೆಹಸು. ಬೆಂಕಿಪೆಟ್ಟಿಗೆಯೂ ಸೀಮೆಯಿಂದ ಬಂದದ್ದೇ. ಮಹಾಯುದ್ಧಕ್ಕೆ ಮೊದಲು ಸ್ವೀಡನ್ನಿನಿಂದ, ಯುದ್ಧದ ವರ್ಷಗಳಲ್ಲಿ ಹೆಚ್ಚಾಗಿ ಜಪಾನಿನಿಂದ ಬರುತ್ತಿತ್ತು. ಸ್ವದೇಶಿ ಚಳವಳಿಯ ಹುಮ್ಮಸ್ಸಿನಲ್ಲಿ ಬಂಗಾಳದಲ್ಲೂ ಮುಂಬಯಿ ಪ್ರಾಂತದಲ್ಲೂ ಕೆಲವರು ಕಡ್ಡಿ ಕಾರ್ಖಾನೆ ತೆರೆದರು. ಅಹಮದಾಬಾದಿನಂಥ ಒಂದೆರಡು ಕಡೆ ಬಿಟ್ಟರೆ ಬಹುಪಾಲು ಉಳಿಯಲಿಲ್ಲ.

ಪರಿಸ್ಥಿತಿ ತಿರುಗಿದ್ದು ಸರ್ಕಾರದ ಬೊಕ್ಕಸ ಬರಿದಾದಾಗ. ಯುದ್ಧದ ಸಾಲ ತಲೆಯ ಮೇಲಿತ್ತು, ಬಜೆಟ್ಟಿನಲ್ಲಿ ಕೊರತೆ ಇತ್ತು. 1921ರಲ್ಲಿ ಆಮದು ಬೆಂಕಿಪೆಟ್ಟಿಗೆಯ ಮೇಲೆ ಗ್ರೋಸಿಗೆ 12 ಆಣೆ ಸುಂಕ ಬಿತ್ತು. ಮರುವರ್ಷ ಅದನ್ನು ಒಂದೂವರೆ ರೂಪಾಯಿಗೆ ಏರಿಸಿದರು. ಒಂದು ಗ್ರೋಸ್ ಎಂದರೆ 144 ಪೆಟ್ಟಿಗೆ. ಒಂದೂವರೆ ರೂಪಾಯಿ ಎಂದರೆ 24 ಆಣೆ, ಆಣೆಗೆ 12 ಪೈಯಂತೆ 288 ಪೈ. ಪೆಟ್ಟಿಗೆಯೊಂದಕ್ಕೆ ಸರಿಯಾಗಿ ಎರಡು ಪೈ. ಇವತ್ತು ಲೆಕ್ಕಕ್ಕೇ ಇಲ್ಲವೆನಿಸುವ ಈ ಮೊತ್ತ ಅಂದಿನ ಕಡ್ಡಿಪೆಟ್ಟಿಗೆಯ ವ್ಯಾಪಾರವನ್ನು ತಲೆಕೆಳಗು ಮಾಡಿತು. ಸರ್ಕಾರಕ್ಕೆ ಬೇಕಿದ್ದದ್ದು ಆದಾಯ. ಆದರೆ ಸುಂಕ ಏರಿದೊಡನೆ ಮುಂಬಯಿಯಲ್ಲೂ ಕಲ್ಕತ್ತೆಯಲ್ಲೂ ಕಾರ್ಖಾನೆಗಳು ಎದ್ದವು, ಆಮದು ಇಳಿಯಿತು, ಆಮದಿನ ಜೊತೆಗೆ ಸುಂಕದ ವಸೂಲಿಯೂ ಇಳಿಯಿತು.

ಕೆಲವು ಕಾರ್ಖಾನೆಗಳಂತೂ ಹೆಸರಿಗೆ ಮಾತ್ರ ಕಾರ್ಖಾನೆ. ಕತ್ತರಿಸಿದ ಕಡ್ಡಿಯನ್ನೂ ಪೆಟ್ಟಿಗೆಯ ತೆಳುಹಲಗೆಯನ್ನೂ ಕಡಿಮೆ ಸುಂಕಕ್ಕೆ ಹೊರಗಿನಿಂದ ತರಿಸಿ, ಇಲ್ಲಿ ಮದ್ದಿಗೆ ಅದ್ದಿ, ಲೇಬಲ್ ಅಂಟಿಸಿ ಮಾರುತ್ತಿದ್ದವು. 1924ರಲ್ಲಿ ಆ ಕಡ್ಡಿಗೂ ಹಲಗೆಗೂ ಬೇರೆ ಸುಂಕ ಹಾಕಿದ ಮೇಲೆ ಆ ದಾರಿ ಮುಚ್ಚಿತು.

ಅದೇ ಹೊತ್ತಿಗೆ ಸುಂಕದ ಬಗ್ಗೆ ದೊಡ್ಡ ಪ್ರಶ್ನೆಯೂ ಎದ್ದಿತ್ತು. ಅಲ್ಲಿಯವರೆಗೆ ಹಿಂದೂಸ್ಥಾನದ ಸುಂಕ ನಿಂತದ್ದು ಲ್ಯಾಂಕಾಶೈರಿನ ಅನುಕೂಲದ ಮೇಲೆ. ಮ್ಯಾಂಚೆಸ್ಟರಿನ ಬಟ್ಟೆಗೆ ಇಲ್ಲಿ ಸುಂಕ ಬಿದ್ದರೆ ಮುಂಬಯಿಯ ಮಿಲ್ಲಿನ ಬಟ್ಟೆಗೂ ಸಮನಾಗಿ ತೆರಿಗೆ ಹಾಕಬೇಕು ಎಂಬ ನೀತಿಯಲ್ಲಿ, 1896ರಿಂದ ದೇಶದ ಬಟ್ಟೆ ಶೇಕಡ ಮೂರೂವರೆ ಅಬಕಾರಿ ಹೊರುತ್ತಿತ್ತು. ಅದು ನಿಂತದ್ದು 1925ರ ಕೊನೆಯಲ್ಲಿ. ಇಂಥ ಹಿನ್ನೆಲೆಯಲ್ಲಿ 1921ರ ಅಕ್ಟೋಬರಿನಲ್ಲಿ ಮುಂಬಯಿಯ ಸರ್ ಇಬ್ರಾಹಿಂ ರಹಿಮ್‌ತೂಲಾ ಅಧ್ಯಕ್ಷತೆಯಲ್ಲಿ ಫಿಸ್ಕಲ್ ಕಮಿಷನ್ ನೇಮಕವಾಯಿತು. 1922ರ ವರದಿಯಲ್ಲಿ ಅದು ‘ವಿವೇಚನೆಯ ರಕ್ಷಣೆ’ ಎಂಬ ನೀತಿಯನ್ನು ಮುಂದಿಟ್ಟಿತು. ರಕ್ಷಣೆ ಕೇಳುವ ಕೈಗಾರಿಕೆಗೆ ಮೂರು ಪರೀಕ್ಷೆ. ಕಚ್ಚಾಮಾಲು, ಕೂಲಿ, ಮಾರುಕಟ್ಟೆಯಂಥ ಸಹಜ ಅನುಕೂಲ ದೇಶದಲ್ಲಿ ಇರಬೇಕು. ಸುಂಕದ ಆಸರೆ ಇಲ್ಲದೆ ಅದು ಬೆಳೆಯಲಾರದು ಎಂದು ತೋರಬೇಕು. ಮುಂದೊಂದು ದಿನ ಆಸರೆ ತೆಗೆದರೂ ಜಗತ್ತಿನೆದುರು ನಿಲ್ಲುವಂತಿರಬೇಕು.

ವರದಿಗೆ ಐವರು ಸದಸ್ಯರ ಭಿನ್ನಮತದ ಟಿಪ್ಪಣಿಯೂ ಸೇರಿದೆ. ಅಧ್ಯಕ್ಷ ರಹಿಮ್‌ತೂಲಾ ಅವರೇ ಅದಕ್ಕೆ ಸಹಿ ಹಾಕಿದ್ದರು. ಜೊತೆಗೆ ಟಿ.ವಿ. ಶೇಷಗಿರಿ ಅಯ್ಯರ್, ಘನಶ್ಯಾಮದಾಸ್ ಬಿರ್ಲಾ, ಜಮನಾದಾಸ್ ದ್ವಾರಕಾದಾಸ್, ನರೋತ್ತಮ ಮೊರಾರ್ಜಿ. ರಕ್ಷಣೆಗೆ ಇಷ್ಟೊಂದು ಷರತ್ತು ಬೇಡ ಎಂಬುದು ಅವರ ಮೊದಲ ಮಾತು. ಎರಡನೆಯದು ವಿದೇಶಿ ಬಂಡವಾಳದ ಬಗ್ಗೆ ಎಚ್ಚರಿಕೆ. ಸುಂಕದ ಗೋಡೆಯ ಹಿಂದೆ ಹೊರಗಿನ ಕಂಪನಿ ಬಂದು ಕೂರುವುದಾದರೆ ಅದು ಇಲ್ಲಿಯೇ ನೋಂದಣಿಯಾಗಬೇಕು, ಬಂಡವಾಳ ರೂಪಾಯಿಯಲ್ಲಿರಬೇಕು, ನಿರ್ದೇಶಕರಲ್ಲಿ ಭಾರತೀಯರಿಗೆ ತಕ್ಕ ಪಾಲಿರಬೇಕು, ಇಲ್ಲಿಯ ಹುಡುಗರಿಗೆ ಕೆಲಸ ಕಲಿಸಬೇಕು ಎಂದರು. ಈ ಟಿಪ್ಪಣಿ ಬರೆದದ್ದು 1922ರಲ್ಲಿ. ವಿಮ್ಕೊ ಸ್ಥಾಪನೆಯಾದದ್ದು 1923ರಲ್ಲಿ. ಒಂದೇ ವರ್ಷದ ಅಂತರ.

ವಿಮ್ಕೊ ಹಿಂದೆ ಇದ್ದದ್ದು ಸ್ವೀಡಿಷ್ ಮ್ಯಾಚ್ ಕಂಪನಿ, ಅದರ ಹಿಂದೆ ಈವಾರ್ ಕ್ರೂಗರ್ ಎಂಬ ಹಣದ ಚತುರ. ದೇಶಗಳಿಗೇ ಸಾಲ ಕೊಟ್ಟು ಬದಲಿಗೆ ಬೆಂಕಿಪೆಟ್ಟಿಗೆಯ ಹಕ್ಕು ಬರೆಸಿಕೊಳ್ಳುವುದು ಅವನ ವ್ಯಾಪಾರದ ರೀತಿ. ಪೋಲೆಂಡ್, ಫ್ರಾನ್ಸ್, ಜರ್ಮನಿ ಎಲ್ಲವೂ ಅವನಿಂದ ಸಾಲ ಪಡೆದಿದ್ದವು. ಹಿಂದೂಸ್ಥಾನದಲ್ಲಿ ಆ ದಾರಿ ಇರಲಿಲ್ಲ. ಆದರೆ ಪೆಟ್ಟಿಗೆಗೆ ಎರಡು ಪೈ ಸುಂಕ ಕೊಟ್ಟು ಹಡಗಿನಲ್ಲಿ ಸರಕು ಇಳಿಸುವುದಕ್ಕಿಂತ ಗೋಡೆ ಹತ್ತಿ ಒಳಗೆ ಬಂದು ಇಲ್ಲೇ ತಯಾರಿಸಿದರೆ ಲಾಭ ಹೆಚ್ಚೆಂದು ಸ್ವೀಡನ್ನಿನವರಿಗೆ ಹೊಳೆಯಿತು. ಅಂಬರನಾಥದ ಜೊತೆಗೆ ಕಲ್ಕತ್ತೆ, ಬರೇಲಿ, ಮದ್ರಾಸಿನ ತಿರುವೊಟ್ಟಿಯೂರು, ಅಸ್ಸಾಮಿನ ಧುಬ್ರಿಗಳಲ್ಲೂ ಅವರ ಕಾರ್ಖಾನೆಗಳು ತಲೆ ಎತ್ತಿದವು. ತಿರುವೊಟ್ಟಿಯೂರಿನ ಬಳಿಯ ರೈಲು ನಿಲ್ದಾಣಕ್ಕೆ ಇಂದಿಗೂ ವಿಮ್ಕೊ ನಗರ ಎಂದೇ ಹೆಸರು.

ಕಾರ್ಖಾನೆಗೆ ಅಂಬರನಾಥ ಹೇಳಿ ಮಾಡಿಸಿದಂಥ ಜಾಗವಾಗಿತ್ತು. ಮುಂಬಯಿಯಿಂದ ಠಾಣೆಗೆ ರೈಲು ಬಂದದ್ದು 1853ರ ಏಪ್ರಿಲ್ 16ರಂದು, ಕಲ್ಯಾಣಕ್ಕೆ ಮರುವರ್ಷ. ಅಂಬರನಾಥ ಅಲ್ಲಿಂದ ಪುಣೆಗೆ ಹೋಗುವ ಹಾದಿಯ ಮೇಲಿದೆ. ಹತ್ತಿರದಲ್ಲಿ ನೀರು, ಕೂಲಿಗೆ ಸುತ್ತಲಿನ ಹಳ್ಳಿಗಳ ಜನ, ಬಂದರಿನಿಂದ ನೇರ ಹಳಿ.

ಒಂದು ಕಡ್ಡಿಯನ್ನು ಹತ್ತಿರದಿಂದ ನೋಡಿದರೆ ಇದೆಲ್ಲ ಯಾಕೆ ಬೇಕೆಂದು ತಿಳಿಯುತ್ತದೆ. ಹಸಿ ಮರದ ದಿಮ್ಮಿಯನ್ನು ತುಂಡು ಮಾಡಿ ಯಂತ್ರಕ್ಕೆ ಕಟ್ಟಿ ತಿರುಗಿಸುತ್ತಾರೆ. ಚೂಪಾದ ಅಲಗು ಅದನ್ನು ಸುರುಳಿ ಬಿಚ್ಚಿದ ಹಾಗೆ ತೆಳ್ಳಗೆ ಸೀಳುತ್ತದೆ. ಆ ಹಾಳೆಗಳನ್ನು ಒಟ್ಟಿ ಕೊಚ್ಚಿದರೆ ಕಡ್ಡಿ. ಒಣಗಿಸಿ, ತುದಿಯನ್ನು ಕರಗಿದ ಮೇಣದಲ್ಲಿ ಅದ್ದುತ್ತಾರೆ. ಜ್ವಾಲೆ ಮದ್ದಿನಿಂದ ಮರಕ್ಕೆ ಇಳಿಯುವುದು ಈ ಮೇಣದಿಂದ. ಆಮೇಲೆ ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಅಂಟು ಬೆರೆತ ಮದ್ದಿಗೆ ಅದ್ದು. ಗೀರುವ ಪಟ್ಟಿಯಲ್ಲಿ ಕೆಂಪು ರಂಜಕ. ಹಿಂದಿನ ಕಾಲದ ಬಿಳಿ ರಂಜಕ ಕೆಲಸಗಾರರ ದವಡೆಯನ್ನೇ ಕೊಳೆಸುತ್ತಿತ್ತು; ಅದನ್ನು ನಮ್ಮಲ್ಲಿ 1913ರ ಕಾನೂನು ನಿಷೇಧಿಸಿತ್ತು. ಇಷ್ಟೆಲ್ಲ ಕೆಲಸದಲ್ಲಿ ಜಗಳ ಹುಟ್ಟಿದ್ದು ಮೊದಲನೆಯ ಸಾಮಾನಿನ ಮೇಲೆ, ಅಂದರೆ ಮರದ ಮೇಲೆ. ಬಿಳುಪಾಗಿ, ನೇರವಾಗಿ, ಮುರಿಯದ ಕಡ್ಡಿ ಕೊಡುವ ಆಸ್ಪೆನ್ ಮರ ಬಾಲ್ಟಿಕ್ ಕಡೆಯಿಂದ ಬರಬೇಕಿತ್ತು. ನಮ್ಮ ಕಾಡಿನ ಬೂರುಗ ಪೆಟ್ಟಿಗೆಗೆ ಚೆನ್ನಾಗಿ ಒಗ್ಗುತ್ತಿತ್ತು. ಕಡ್ಡಿಗೆ ಅಷ್ಟು ಬೆಳ್ಳಗೆ ಕಾಣುತ್ತಿರಲಿಲ್ಲ ಎಂಬುದು ಗಿರಾಕಿಯ ತಕರಾರು.

ಮೊದಲ ಪರೀಕ್ಷೆಯೇ ಕಚ್ಚಾಮಾಲಿನದು ಎಂಬುದು ನೆನಪಿರಲಿ.

ಈ ಪರೀಕ್ಷೆಗಳನ್ನು ನಡೆಸುವ ಮಂಡಳಿಯಾದ ಟ್ಯಾರಿಫ್ ಬೋರ್ಡ್ ಹುಟ್ಟಿದ್ದು 1923ರ ಜುಲೈನಲ್ಲಿ. ಮೊದಲ ಅಧ್ಯಕ್ಷ ಜಾರ್ಜ್ ರೇನಿ, ಸದಸ್ಯರು ಪಿ.ಪಿ. ಗಿನ್‌ವಾಲಾ ಮತ್ತು ಪುಣೆಯ ಫರ್ಗ್ಯುಸನ್ ಕಾಲೇಜಿನ ಪ್ರಾಧ್ಯಾಪಕ ವಾಮನ ಗೋವಿಂದ ಕಾಳೆ. ಮೊದಲ ವಿಚಾರಣೆ ಉಕ್ಕಿನದು. ಬೆಂಕಿಪೆಟ್ಟಿಗೆಯ ಪ್ರಕರಣ ಮಂಡಳಿಗೆ ಬಂದದ್ದು 1926ರ ಅಕ್ಟೋಬರಿನಲ್ಲಿ. ಆಗ ಗಿನ್‌ವಾಲಾ ಅಧ್ಯಕ್ಷರಾಗಿದ್ದರು. ಜೊತೆಗಿದ್ದವರು ಎ.ಇ. ಮಥಾಯಸ್ ಮತ್ತು ಸ್ವತಂತ್ರ ಭಾರತದ ಹಣಕಾಸು ಮಂತ್ರಿಯಾಗಲಿದ್ದ ಜಾನ್ ಮಥಾಯಿ.

ಈ ಮಂಡಳಿಯ ಕೆಲಸದ ಕ್ರಮವನ್ನು ಮೆಚ್ಚಲೇಬೇಕು. ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ. ಆಮೇಲೆ ಉದ್ದನೆಯ ಪ್ರಶ್ನಾವಳಿ: ಬಂಡವಾಳ ಎಷ್ಟು, ಯಂತ್ರ ಎಲ್ಲಿಯದು, ಮರ ಎಲ್ಲಿಂದ, ಒಂದು ಗ್ರೋಸಿಗೆ ಮದ್ದಿನ ಖರ್ಚೆಷ್ಟು, ಕೂಲಿ ಎಷ್ಟು, ರೈಲು ಬಾಡಿಗೆ ಎಷ್ಟು. ಲಿಖಿತ ಉತ್ತರ ಬಂದ ಮೇಲೆ ಸಾಕ್ಷಿಗಳನ್ನು ಕರೆಸಿ ಎದುರೆದುರು ಕೂರಿಸಿ ಪ್ರಶ್ನೆ. ಕಾರ್ಖಾನೆಗಳಿಗೆ ಹೋಗಿ ನೋಡುವುದು. ಕೊನೆಗೆ ಪ್ರಶ್ನೋತ್ತರವನ್ನೆಲ್ಲ ಸಂಪುಟಗಳಾಗಿ ಅಚ್ಚು ಹಾಕಿಸುವುದು. ಗುಮಾಸ್ತನ ಕಡತದೊಳಗೆ ತೀರ್ಮಾನ ಮುಗಿದುಹೋಗುತ್ತಿದ್ದ ವಸಾಹತು ಆಡಳಿತದಲ್ಲಿ, ಒಂದು ಕಡ್ಡಿಪೆಟ್ಟಿಗೆಯ ಖರ್ಚು ಹೀಗೆ ಬಯಲಿಗೆ ಬಂದದ್ದು ಸಣ್ಣ ಸಂಗತಿಯಲ್ಲ.

ಬೆಂಕಿಪೆಟ್ಟಿಗೆಯ ವಿಚಾರಣೆಯಲ್ಲಿ ಎರಡು ಬಗೆಯ ವಾದ ಬೆರೆತುಹೋಗಿದ್ದವು. ಆದಾಯಕ್ಕೆಂದು ಹಾಕಿದ ಸುಂಕ ಯಾವಾಗ ಬೇಕಾದರೂ ಇಳಿಯಬಹುದು, ಅದನ್ನು ರಕ್ಷಣೆಯ ಸುಂಕವಾಗಿ ಬದಲಿಸಿ ಎಂಬುದು ಎಲ್ಲ ತಯಾರಕರ ಕೋರಿಕೆ. ಗೋಡೆಯೊಳಗೇ ಬಂದು ಕೂತಿರುವ ಸ್ವೀಡನ್ನಿನ ದೈತ್ಯನಿಂದ ನಮ್ಮನ್ನು ಕಾಪಾಡಿ ಎಂಬುದು ಭಾರತೀಯ ಮಾಲೀಕರ ಮೊರೆ. ಅವರ ದೂರಿನಲ್ಲಿ ಹುರುಳಿತ್ತು. ಜಗತ್ತಿನ ಮಾರುಕಟ್ಟೆಯ ದೊಡ್ಡ ಪಾಲನ್ನು ಕೈಯಲ್ಲಿ ಹಿಡಿದ ಕಂಪನಿ ಇಲ್ಲಿ ಕೆಲವು ವರ್ಷ ನಷ್ಟಕ್ಕೆ ಮಾರಿಯಾದರೂ ಸಣ್ಣವರನ್ನು ಮುಗಿಸಬಲ್ಲದು. ಗಿರಾಕಿಯ ಕಣ್ಣಿಗೆ ಸ್ವೀಡನ್ನಿನ ಲೇಬಲ್ ಒಗ್ಗಿಹೋಗಿದೆ. ಯಂತ್ರ, ರಸಾಯನ, ಮರ ಮೂರೂ ಅದರ ಮನೆಯವೇ.

1928ರಲ್ಲಿ ಬಂದ ವರದಿ ಮೊದಲ ಕೋರಿಕೆಯನ್ನು ಒಪ್ಪಿತು. ಮರದ ವಿಷಯದಲ್ಲಿ ಮಂಡಳಿ ಉದಾರವಾಗಿಯೇ ನೋಡಿತು: ದೇಶದ ಕಾಡಿನಲ್ಲಿ ತಕ್ಕ ಮರ ಸಿಗುತ್ತದೆ, ಅದನ್ನು ಬೆಳೆಸಬಹುದು ಎಂಬುದು ಅದರ ನಿಲುವು. ಅದೇ ವರ್ಷದ ಮ್ಯಾಚ್ ಇಂಡಸ್ಟ್ರಿ ರಕ್ಷಣಾ ಕಾಯಿದೆ ಗ್ರೋಸಿನ ಒಂದೂವರೆ ರೂಪಾಯಿಯನ್ನು ರಕ್ಷಣೆಯ ಸುಂಕವೆಂದು ಸಾರಿತು. ಎರಡನೆಯ ಮೊರೆಗೆ ಮಾತ್ರ ಬಾಗಿಲು ತೆರೆಯಲಿಲ್ಲ. ಸ್ವೀಡಿಷ್ ಕಂಪನಿಯ ಮೇಲೆ ವಿಶೇಷ ಕ್ರಮ ಕೈಗೊಳ್ಳುವಷ್ಟು ಆಧಾರ ಮಂಡಳಿಗೆ ಕಾಣಲಿಲ್ಲ. ಮುಂದೆ ಅದರ ನಡೆಯ ಮೇಲೆ ಸರ್ಕಾರ ಕಣ್ಣಿಟ್ಟಿರಲಿ ಎಂದಷ್ಟೇ ಹೇಳಿತು.

ಹೀಗಾಗಲು ಇನ್ನೊಂದು ಕಾರಣವೂ ಇತ್ತು. 1925ರಲ್ಲಿ ಬೇಸಿಲ್ ಬ್ಲ್ಯಾಕೆಟ್ ಅಧ್ಯಕ್ಷತೆಯ ಸಮಿತಿ ವಿದೇಶಿ ಬಂಡವಾಳದ ಪ್ರಶ್ನೆಯನ್ನು ಆಗಲೇ ತೂಗಿ ನೋಡಿತ್ತು. ಸರ್ಕಾರ ಬೊಕ್ಕಸದಿಂದ ನೇರವಾಗಿ ಸಹಾಯಧನ ಕೊಡುವಾಗ ಷರತ್ತು ಹಾಕಬಹುದು, ಉಕ್ಕಿಗೆ 1924ರಲ್ಲಿ ಹಾಗೆಯೇ ಮಾಡಿತ್ತು. ಆದರೆ ಸುಂಕದ ಲಾಭ ದೇಶದೊಳಗೆ ತಯಾರಿಸುವ ಎಲ್ಲರಿಗೂ ಸಿಗುವಂಥದು, ಅದರಲ್ಲಿ ಇವರು ಅವರು ಎಂದು ಬೇರ್ಪಡಿಸಲಾಗದು ಎಂಬುದು ಆ ಸಮಿತಿಯ ತರ್ಕ. ಕಾಗದದ ಮೇಲೆ ಅದು ಸರಿ. ಅಂಬರನಾಥದ ನೆಲದ ಮೇಲೆ ಅದರ ಅರ್ಥ ಏನಾಯಿತೆಂದರೆ, ದಾಳಿ ಮಾಡಿದವನಿಗೂ ದಾಳಿಗೆ ಸಿಕ್ಕವನಿಗೂ ಒಂದೇ ಗುರಾಣಿ. 1922ರ ಐವರು ಇದನ್ನೇ ಮುಂಚಿತವಾಗಿ ಕಂಡಿದ್ದರು. ಅವರ ಷರತ್ತುಗಳನ್ನು ಅಂದೇ ಕಾನೂನಿನಲ್ಲಿ ಸೇರಿಸಿದ್ದರೆ ಭಾರತೀಯ ಮಾಲೀಕರು 1926ರಲ್ಲಿ ಮಂಡಳಿಯ ಮುಂದೆ ಮೊರೆಯಿಡಬೇಕಾಗುತ್ತಿರಲಿಲ್ಲ.

ಇದೇ ಅಂಬರನಾಥದಲ್ಲಿ ಇನ್ನೊಂದು ಕಾರ್ಖಾನೆ ಇತ್ತು, ಅದರ ಪಾಡನ್ನು ಪಕ್ಕದಲ್ಲಿಟ್ಟು ನೋಡಬೇಕು. ಧರಮ್‌ಸಿ ಮೊರಾರ್ಜಿ ಕೆಮಿಕಲ್ ಕಂಪನಿ 1919ರಲ್ಲಿ ಸ್ಥಾಪನೆಯಾಯಿತು. ಭಾರತೀಯರ ಹಣ, ಭಾರತೀಯರ ಆಡಳಿತ. ಅಂಬರನಾಥದಲ್ಲಿ ಅದು ಗಂಧಕಾಮ್ಲವನ್ನೂ ಸೂಪರ್‌ಫಾಸ್ಫೇಟನ್ನೂ ತಯಾರಿಸಲು ಹೊರಟಿತು. ನಮ್ಮ ರೈತ ಸೀಮೆಗೊಬ್ಬರ ಎಂದು ಕರೆದ ಸರಕನ್ನು ಸೀಮೆಯಲ್ಲಲ್ಲ, ಕಲ್ಯಾಣದ ಪಕ್ಕದಲ್ಲೇ ಮಾಡುವ ಸಾಹಸ ಅದು. ಗಂಧಕ ಮಾತ್ರ ಹೊರಗಿನಿಂದಲೇ ಬರಬೇಕಿತ್ತು.

ಇಂಥ ರಾಸಾಯನಿಕಗಳ ಬಗ್ಗೆ ಟ್ಯಾರಿಫ್ ಬೋರ್ಡ್ ನಡೆಸಿದ ವಿಚಾರಣೆಯ ವರದಿ 1929ರಲ್ಲಿ ಸರ್ಕಾರದ ಕೈ ಸೇರಿತು. ಆಮ್ಲವಿಲ್ಲದೆ ಯಾವ ದೇಶದ ಕೈಗಾರಿಕೆಯೂ ನಿಲ್ಲದು ಎಂಬುದು ಮಂಡಳಿಗೆ ಮನವರಿಕೆಯಾಗಿತ್ತು. ಸಣ್ಣ ಸಣ್ಣ ಕಾರ್ಖಾನೆಗಳು ಒಂದಾಗಿ ದೊಡ್ಡ ಪ್ರಮಾಣದಲ್ಲಿ ತಯಾರಿಸಬೇಕು, ರೈಲು ಬಾಡಿಗೆ ತಗ್ಗಬೇಕು, ರೈತನ ಮೇಲೆ ಹೊರೆ ಬೀಳದಂತೆ ಸೂಪರ್‌ಫಾಸ್ಫೇಟಿಗೆ ಸುಂಕದ ಬದಲು ಸಹಾಯಧನ ಕೊಡಬೇಕು ಎಂದು ಅದು ಸೂಚಿಸಿತು. ಸಹಾಯಧನವನ್ನು ಸರ್ಕಾರ ಕೊಡಲಿಲ್ಲ. ಸುಂಕದ ಕಾಯಿದೆ ಬರಲು 1931 ಆಯಿತು. ಮೆಗ್ನೀಸಿಯಂ ಕ್ಲೋರೈಡ್ ಒಂದನ್ನು ಬಿಟ್ಟು ಉಳಿದ ರಾಸಾಯನಿಕಗಳ ರಕ್ಷಣೆ 1933ರ ಮಾರ್ಚಿಗೆ ಮುಗಿದೇಹೋಯಿತು. ಕಾಯಲು ಎರಡು ವರ್ಷ, ಅನುಭವಿಸಲು ಎರಡು ವರ್ಷವೂ ಇಲ್ಲ.

ಗಾಜಿನ ಕತೆ ಇನ್ನೂ ಕಹಿ. 1932ರಲ್ಲಿ ಟ್ಯಾರಿಫ್ ಬೋರ್ಡ್ ರಕ್ಷಣೆ ಕೊಡಿ ಎಂದರೂ, ಸೋಡಾ ಆಷ್ ದೇಶದಲ್ಲಿ ಸಿಗುವುದಿಲ್ಲ ಎಂಬ ಕಾರಣ ಒಡ್ಡಿ ಸರ್ಕಾರ 1935ರಲ್ಲಿ ತಿರಸ್ಕರಿಸಿತು. ಆಸ್ಪೆನ್ ಮರ ಹೊರಗಿನಿಂದ ಬಂದರೂ ಅಡ್ಡಿಯಿಲ್ಲ, ಸೋಡಾ ಆಷ್ ಹೊರಗಿನಿಂದ ಬಂದರೆ ಅಡ್ಡಿ. ಒಂದೇ ನಿಯಮವನ್ನು ಎರಡು ಅಳತೆಯಲ್ಲಿ ಹಿಡಿದದ್ದು ಅನ್ಯಾಯ.

ಉಪ್ಪಿನ ವಿಚಾರಣೆಯಲ್ಲೂ ಬೆಂಕಿಪೆಟ್ಟಿಗೆಯಲ್ಲಿ ಆದಂಥದೇ ನಡೆಯಿತು. ಇಂದಿನ ನವಿ ಮುಂಬಯಿಯ ಸುತ್ತಲೂ, ಪನವೇಲ್, ಉರಣ್ ಕಡೆಯೂ, ಅತ್ತ ಭಾಂಡುಪ್, ಭಾಯಂದರ್ ತನಕವೂ ಖಾರಿಯ ಉದ್ದಕ್ಕೆ ಉಪ್ಪಿನ ಆಗರಗಳಿದ್ದವು. ಆಗರದಲ್ಲಿ ದುಡಿದದ್ದರಿಂದಲೇ ಆಗರಿ ಸಮುದಾಯಕ್ಕೆ ಆ ಹೆಸರು. ಬಂಗಾಳ ಮಾತ್ರ ಲಿವರ್‌ಪೂಲ್, ಏಡನ್ ಮೊದಲಾದ ಕಡೆಯಿಂದ ಬಂದ ಬಿಳಿಯ ಉಪ್ಪು ತಿನ್ನುತ್ತಿತ್ತು. ಅಂಕೋಲೆಯ ಕಡಲ ದಂಡೆಯಲ್ಲಿ ಕನ್ನಡಿಗರು ಉಪ್ಪಿನ ಕಾನೂನು ಮುರಿದ 1930ರಲ್ಲೇ ಟ್ಯಾರಿಫ್ ಬೋರ್ಡ್ ಉಪ್ಪಿನ ಕೈಗಾರಿಕೆಯ ವರದಿ ಕೊಟ್ಟಿತು. 1931ರಲ್ಲಿ ಪರದೇಶದ ಉಪ್ಪಿಗೆ ಮಣಕ್ಕೆ ನಾಲ್ಕೂವರೆ ಆಣೆ ಹೆಚ್ಚುವರಿ ಸುಂಕ ಬಿತ್ತು. ಏಡನ್ ಆಗ ಆಡಳಿತದ ಲೆಕ್ಕದಲ್ಲಿ ಹಿಂದೂಸ್ಥಾನದ ಭಾಗ. ಹೀಗಾಗಿ ಅಲ್ಲಿಯ ಉಪ್ಪಿಗೆ ವಿನಾಯಿತಿ. ಏಡನ್ನಿನ ಹಳೆಯ ಆಗರಗಳಲ್ಲಿ ಒಂದರ ಒಡೆಯ ಇಟಲಿಯ ಬುರ್ಗಾರೆಲ್ಲಾ. ಬಂಗಾಳದ ಬಂದರಿಗೆ ಅದು ದೇಶದ ಉಪ್ಪಾಗಿ ಇಳಿಯಿತು.

ಕ್ರೂಗರ್ 1932ರ ಮಾರ್ಚ್ 12ರಂದು ಪ್ಯಾರಿಸ್ಸಿನಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಅವನ ಲೆಕ್ಕಪತ್ರಗಳ ಮೋಸ ಹೊರಬಿದ್ದು ಯುರೋಪು ತತ್ತರಿಸಿತು. ಅಂಬರನಾಥದ ಯಂತ್ರಗಳು ನಿಲ್ಲಲಿಲ್ಲ. ಆ ಹೊತ್ತಿಗೆ ಆಮದು ಬೆಂಕಿಪೆಟ್ಟಿಗೆ ಹೆಚ್ಚುಕಡಿಮೆ ಕಾಣೆಯಾಗಿತ್ತು. ಆಮದಿನ ಸುಂಕ ಕಳೆದುಕೊಂಡ ಸರ್ಕಾರ 1934ರಲ್ಲಿ ದೇಶದ ಬೆಂಕಿಪೆಟ್ಟಿಗೆಯ ಮೇಲೆಯೇ ಅಬಕಾರಿ ಹಾಕಿತು. ಕೊನೆಗೆ ಕೊಟ್ಟವರು ಒಲೆ ಹಚ್ಚುವವರು.

ವಿಮ್ಕೊಗೆ ನಿಜವಾದ ಎದುರಾಳಿ ಹುಟ್ಟಿದ್ದು ವಿಚಾರಣೆಯ ಕೊಠಡಿಯಲ್ಲಲ್ಲ. ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಇಪ್ಪತ್ತರ ದಶಕದ ಆರಂಭದಲ್ಲಿ ಕಲ್ಕತ್ತೆಗೆ ಹೋಗಿ ಕಡ್ಡಿ ಮಾಡುವುದನ್ನು ಕಲಿತು ಬಂದರು. ದೊಡ್ಡ ಯಂತ್ರವಿಲ್ಲದೆ, ಕೈಗಳನ್ನೇ ನಂಬಿ ಬೆಳೆದ ಕಸುಬು ಅದು. ಮಕ್ಕಳ ಕೈಗಳೂ ಅದರಲ್ಲಿ ಸವೆದವು ಎಂಬುದನ್ನು ಮರೆಯುವ ಹಾಗಿಲ್ಲ. ಸ್ವಾತಂತ್ರ್ಯದ ನಂತರ ಯಂತ್ರದ ಕಾರ್ಖಾನೆಗೆ ಹೆಚ್ಚು, ಸಣ್ಣ ಘಟಕಕ್ಕೆ ಕಡಿಮೆ ಎಂದು ಅಬಕಾರಿಯನ್ನು ಬೇರೆ ಮಾಡಿದ ಮೇಲೆ ಶಿವಕಾಶಿ ದೇಶವನ್ನೇ ಆವರಿಸಿತು. 2005ರಲ್ಲಿ ವಿಮ್ಕೊ ಐಟಿಸಿಯ ವಶಕ್ಕೆ ಬಂತು. ಧರಮ್‌ಸಿ ಮೊರಾರ್ಜಿ ಕಂಪನಿ ಈಗ ಡಿಎಂಸಿಸಿ ಎಂಬ ಹೆಸರಿನಲ್ಲಿದೆ.

ಟ್ಯಾರಿಫ್ ಬೋರ್ಡಿನ ಸಾಕ್ಷ್ಯ ಸಂಪುಟಗಳಲ್ಲಿ ಮಾತಾಡುವವರು ಬಹುಪಾಲು ಮಾಲೀಕರು, ವ್ಯಾಪಾರಿಗಳು, ಅಧಿಕಾರಿಗಳು. ದಿಮ್ಮಿ ಸೀಳಿದವರು, ಮದ್ದಿನ ವಾಸನೆಯಲ್ಲಿ ಹಗಲು ಕಳೆದವರು, ಪೆಟ್ಟಿಗೆ ತುಂಬಿದ ಹೆಂಗಸರು ಅಲ್ಲಿ ಗ್ರೋಸಿಗೆ ಇಷ್ಟು ಕೂಲಿ ಎಂಬ ಅಂಕಿಯಾಗಿ ಮಾತ್ರ ಉಳಿದಿದ್ದಾರೆ. ವಿಮ್ಕೊದಲ್ಲಿ ದುಡಿದ ಕೊನೆಯ ತಲೆಮಾರಿನವರಿಗೆ ಈಗ ವಯಸ್ಸಾಗಿದೆ. ಅಂಬರನಾಥ, ಬದಲಾಪುರ, ಕಲ್ಯಾಣದ ಕಡೆ ಅಂಥವರ ಪರಿಚಯವಿರುವ ಓದುಗರು ಅವರ ಬಳಿ ಒಂದು ಸಂಜೆ ಕೂತು ಅವರ ಮಾತನ್ನು ಬರೆದಿಡಬೇಕು. ಮರಾಠಿಯಲ್ಲಾಗಲಿ, ಕನ್ನಡದಲ್ಲಾಗಲಿ, ಬರೆದಿಡುವ ಕೆಲಸ ಬೇಗ ಆಗಬೇಕು.